ಬಿಜಾಪುರದಿಂದ ಹೋದ ಹೊಗೆಯ ಕೊಳವಿ

ಹೊಗೆಸೊಪ್ಪಿನ ವಿಷಯವಾಗಿ ಮಾತನಾಡಲು ಹೊರಟವನು ತಾನು ಸೇದುವವನೊ ಅಲ್ಲವೊ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ಸೇದುವವನಲ್ಲ, ಆದರೆ ಸೇದುವವರ ಮನೆಯಲ್ಲಿ ಬೆಳೆದವನು. ನನ್ನ ಸೋದರಮಾವನವರಿಗೆ ಪೈಪಿನ ಮೇಲೆ ಬಹಳ ಪ್ರೀತಿ. ಭಾನುವಾರ ಬೆಳಗ್ಗೆ ಸ್ನಾನ ಮತ್ತು ಕಾಫಿ ಮುಗಿಸಿ, ಜಗಲಿಯ ಮೇಲೆ ಹಳೆಯ ಪಂಚೆಯ ತುಂಡನ್ನು ಹಾಸಿ, ತಮ್ಮ ನಾಲ್ಕು ಪೈಪುಗಳನ್ನೂ ಸಾಲಾಗಿ ಮಲಗಿಸುತ್ತಿದ್ದರು. ಹತ್ತಿ ಸುತ್ತಿದ ತಂತಿಯಿಂದ ಕೊಳವಿಯ ಒಳಗನ್ನು ಒರಸುವುದು, ಬಟ್ಟಲಿನಲ್ಲಿ ಕಟ್ಟಿದ ಕರಿಯನ್ನು ಮೊಂಡು ಚಾಕುವಿನಿಂದ ಹೆರೆಯುವುದು, ಒಂದು ನಾಣ್ಯದ ದಪ್ಪದಷ್ಟನ್ನು ಮಾತ್ರ ಹಾಗೆಯೇ ಉಳಿಸುವುದು. ಇದೆಲ್ಲ ದೇವರ ಪಾತ್ರೆ ಬೆಳಗುವಷ್ಟೇ ಶ್ರದ್ಧೆಯಿಂದ ನಡೆಯುತ್ತಿದ್ದಿತು. ಆ ಕರಿಯ ಪದರವಿಲ್ಲದಿದ್ದರೆ ಬೆಂಕಿ ಮರವನ್ನೇ ಸುಡುವುದೆಂದೂ, ಹೆಚ್ಚಾದರೆ ಬಟ್ಟಲು ಬಿರಿಯುವುದೆಂದೂ ಅವರು ನನಗೆ ಹೇಳಿಕೊಟ್ಟರು. ಬಿಸಿ ಆರುವುದಕ್ಕೆ ಮುಂಚೆ ಕೊಳವಿಯನ್ನು ಬಟ್ಟಲಿನಿಂದ ಬಿಡಿಸಕೂಡದು. ಒಂದು ದಿನ ಸೇದಿದ ಪೈಪನ್ನು ಮರುದಿನ ಮುಟ್ಟಕೂಡದು. ಒಳಗಿನ ತೇವ ಆರಬೇಕು. 'ಪೈಪಿಗೂ ಏಕಾದಶಿ ಉಂಟು ಕಣೋ' ಎನ್ನುತ್ತಿದ್ದರು. ಈ ಮಾತಿಗೆ ನನ್ನ ಅತ್ತೆಯವರು, 'ಸೇದುವವರಿಗೆ ಮಾತ್ರ ಇಲ್ಲ' ಎಂದು ಒಳಗಿನಿಂದ ಉತ್ತರ ಕೊಡುತ್ತಿದ್ದರು.

ಸೇದುವುದರಲ್ಲಿಯೂ ಒಂದು ಕ್ರಮವಿದ್ದಿತು. ಸೊಪ್ಪನ್ನು ಬಟ್ಟಲಿನ ತಳಕ್ಕೆ ಸಡಿಲವಾಗಿಯೂ ಮೇಲಕ್ಕೆ ಬಂದಂತೆ ಸ್ವಲ್ಪ ಬಿಗಿಯಾಗಿಯೂ ತುಂಬಬೇಕು. ಮೊದಲನೆಯ ಕಡ್ಡಿ ಮೇಲ್ಮೈಯನ್ನು ಕಂದಿಸುವುದಕ್ಕೆ ಮಾತ್ರ. ಉಬ್ಬಿದ ಸೊಪ್ಪನ್ನು ಮೆಲ್ಲಗೆ ಅದುಮಿ, ಎರಡನೆಯ ಕಡ್ಡಿಯಿಂದ ನಿಜವಾಗಿ ಹೊತ್ತಿಸಬೇಕು. ಆಮೇಲೆ ಅವಸರ ಕೂಡದು. ಬೇಗ ಬೇಗ ಎಳೆದರೆ ಹೊಗೆ ಕಾದು ನಾಲಗೆಯನ್ನು ಕಚ್ಚುತ್ತದೆ. ಸೊಪ್ಪಿನ ಸುವಾಸನೆ ಕೆಟ್ಟು ಬರಿಯ ಉರಿ ಉಳಿಯುತ್ತದೆ. ಡಬ್ಬಿಯ ಸೊಪ್ಪು ಒಣಗಿದರೆ ಸೇಬಿನ ಚೂರೊಂದನ್ನು ಅದರಲ್ಲಿ ಒಂದು ರಾತ್ರಿ ಇಡುತ್ತಿದ್ದರು. ಮರೆತು ಮೂರು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತಿದ್ದಿತು.

ಈಗ ಯೋಚಿಸಿದರೆ, ಈ ನಿಯಮಗಳೆಲ್ಲದರ ಗುರಿ ಒಂದೇ ಎಂದು ತೋರುತ್ತದೆ: ಹೊಗೆ ತಣ್ಣಗಿರಬೇಕು. ಬೆಂಕಿಗೂ ಬಾಯಿಗೂ ನಡುವೆ ಎಷ್ಟು ದೂರವನ್ನು, ಎಂಥ ಪದಾರ್ಥವನ್ನು ಇಡುವುದು ಎಂಬುದೇ ಪೈಪಿನ ಚರಿತ್ರೆ. ಆ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯ ನಮ್ಮ ಕನ್ನಡನಾಡಿನಲ್ಲಿ, ಬಿಜಾಪುರದಲ್ಲಿ, ಆರಂಭವಾಗುತ್ತದೆ.

ಎರಡನೆಯ ಇಬ್ರಾಹಿಂ ಆದಿಲ್ ಷಹನು 1580ರಿಂದ 1627ರವರೆಗೆ ಬಿಜಾಪುರವನ್ನು ಆಳಿದವನು. ಸಂಗೀತಪ್ರಿಯನೆಂದು ಹೆಸರಾದ ದೊರೆ. ಅವನ ಮಗಳನ್ನು ಅಕ್ಬರನ ಮಗನಾದ ದಾನಿಯಾಲನಿಗೆ ಕೊಡುವುದೆಂದು ಮಾತಾಗಿದ್ದಿತು. ಆ ಕಾರ್ಯವನ್ನು ನಡೆಸಿಕೊಂಡು ಬರಲು ಅಕ್ಬರನು ಕಳುಹಿಸಿದ ರಾಯಭಾರಿಗಳಲ್ಲಿ ಅಸದ್ ಬೇಗ್ ಎಂಬಾತನೊಬ್ಬನು. ಇವನು ಹಿಂದೆ ಅಬುಲ್ ಫಜಲನ ಸೇವೆಯಲ್ಲಿದ್ದವನು; ತಾನು ಕಂಡುದನ್ನು ಕಂಡಂತೆ ಬರೆದಿಡುವ ಅಭ್ಯಾಸವುಳ್ಳವನು. ಅವನ ಬರವಣಿಗೆ ಉಳಿದು ಬಂದಿರುವುದರಿಂದಲೇ ಈ ಕಥೆ ನಮಗೆ ತಿಳಿದಿರುವುದು. ಹೊಗೆಸೊಪ್ಪನ್ನು ಅವನು ಮೊದಲು ಕಂಡುದು ಬಿಜಾಪುರದಲ್ಲಿ. ಅಮೆರಿಕದ ಈ ಗಿಡವನ್ನು ಪೋರ್ಚುಗೀಸರು ಈ ದೇಶಕ್ಕೆ ತಂದರು. ಅವರ ಗೋವೆ ಒಂದು ಕಾಲಕ್ಕೆ ಆದಿಲ್ ಷಾಹಿ ರಾಜ್ಯಕ್ಕೆ ಸೇರಿದ್ದ ಊರು. ಹೀಗಿರುವಾಗ ಆಗ್ರಾದವರಿಗಿಂತ ಬಿಜಾಪುರದವರು ಈ ಸೊಪ್ಪನ್ನು ಮೊದಲು ಬಲ್ಲವರಾಗಿದ್ದುದು ಆಶ್ಚರ್ಯವಲ್ಲ. ಇಲ್ಲಿ ಭಾಷೆಯ ವಿಷಯವಾಗಿ ಒಂದು ಮಾತು: ಉತ್ತರದ ಭಾಷೆಗಳು ತಂಬಾಕು ಎಂಬ ಪರದೇಶದ ಹೆಸರನ್ನೇ ಇಟ್ಟುಕೊಂಡವು. ಕನ್ನಡವಾದರೊ ಹೊಗೆಸೊಪ್ಪು ಎಂದಿತು. ತೆಲುಗರು ಪೊಗಾಕು ಎಂದರು. ತಮಿಳರೂ ಮಲೆಯಾಳಿಗಳೂ ಅದೇ ಅರ್ಥದ ಮಾತನ್ನು ಕಟ್ಟಿಕೊಂಡರು. ಕಂಡುದಕ್ಕೆ ತಮ್ಮದೇ ಹೆಸರಿಟ್ಟರು.

ಅಸದ್ ಬೇಗನು ಅರಸನಿಗೆ ಒಪ್ಪಿಸುವುದಕ್ಕೆಂದು ಸಿದ್ಧಪಡಿಸಿದ ಕೊಳವಿಯ ವರ್ಣನೆಯನ್ನು ಓದುವಾಗ ಆ ಕಾಲದ ಸಮುದ್ರವ್ಯಾಪಾರದ ನಕ್ಷೆಯೇ ಕಣ್ಣೆದುರಿಗೆ ಬರುತ್ತದೆ. ಕೊಳವಿಯ ದಂಡ ಸುಮಾತ್ರದ ಅಚೀನಿನಿಂದ ಬಂದುದು; ಮೂರು ಮೊಳ ಉದ್ದ; ಎರಡು ಕೊನೆಗಳಲ್ಲಿಯೂ ರತ್ನ ಮತ್ತು ಮೀನಾಕಾರಿಯ ಕೆಲಸ. ಬಾಯಿಗಿಡುವ ತುದಿ ಯೆಮನ್ ದೇಶದ ಕೆಂಪುಕಲ್ಲು. ಬೆಂಕಿಗೆ ಚಿನ್ನದ ಪಾತ್ರೆ. ಸೊಪ್ಪು ತುಂಬಿದ್ದುದು ಆದಿಲ್ ಷಹನೇ ಕೊಟ್ಟಿದ್ದ ಒಂದು ಸೊಗಸಾದ ಎಲೆಯಡಿಕೆಯ ಚೀಲದಲ್ಲಿ. ದಂಡಕ್ಕೆ ಬೆಳ್ಳಿಯ ಒರೆ, ಒರೆಗೆ ಊದಾ ಬಣ್ಣದ ಮಖಮಲ್ಲು. ಎಲ್ಲವನ್ನೂ ಬೆಳ್ಳಿಯ ಹರಿವಾಣದಲ್ಲಿ ಜೋಡಿಸಿ ಅವನು ಅಕ್ಬರನ ಮುಂದಿಟ್ಟನು. ಇದು ನಡೆದುದು 1604ರ ಸುಮಾರಿನಲ್ಲಿ, ಚಕ್ರವರ್ತಿಯ ಜೀವಮಾನದ ಕೊನೆಯ ದಿನಗಳಲ್ಲಿ.

ಅಕ್ಬರನು ಹೊಸ ವಸ್ತುವನ್ನು ಕಂಡರೆ ಸುಮ್ಮನೆ ಇರುವವನಲ್ಲ. ಇದೇನೆಂದು ಕೇಳಿದನು. ಪಕ್ಕದಲ್ಲಿದ್ದ ಖಾನ್ ಆಜಮನು, ಇದು ಮೆಕ್ಕಾ ಮದೀನಗಳಲ್ಲಿ ಎಲ್ಲರೂ ಬಲ್ಲ ವಸ್ತುವೆಂದೂ ಔಷಧವಾಗಿ ತಂದಿರುವುದೆಂದೂ ಹೇಳಿದನು. ಗಮನಿಸಬೇಕು: ಹೊಗೆಸೊಪ್ಪು ಆ ಆಸ್ಥಾನದೊಳಕ್ಕೆ ಕಾಲಿಟ್ಟುದು ಭೋಗವಸ್ತುವಾಗಿ ಅಲ್ಲ, ಔಷಧವಾಗಿ. ಅರಸನು ಕೊಳವಿಯನ್ನು ಕೈಗೆ ತೆಗೆದುಕೊಂಡಕೂಡಲೆ ಆಸ್ಥಾನದ ವೈದ್ಯನು ಮುಂದೆ ಬಂದು ತಡೆದನು. ತಂದವನ ಮನಸ್ಸನ್ನು ನೋಯಿಸಬಾರದೆಂದು ಅಕ್ಬರನು ಎರಡು ಮೂರು ಸಲ ಎಳೆದನು. ವೈದ್ಯನು ಅದಕ್ಕಿಂತ ಹೆಚ್ಚಿಗೆ ಬಿಡಲಿಲ್ಲ. ಆಮೇಲೆ ಅಲ್ಲಿಯೇ, ಹೊಗೆಯಾಡುತ್ತಿದ್ದ ಕೊಳವಿಯ ಎದುರಿಗೆ, ಒಂದು ವಾದ ನಡೆಯಿತು.

ವೈದ್ಯನ ಪಕ್ಷ ಇದು: ಈ ಪದಾರ್ಥದ ವಿಷಯ ನಮ್ಮ ಗ್ರಂಥಗಳಲ್ಲಿ ಇಲ್ಲ, ಇದನ್ನು ಯಾರೂ ಪರೀಕ್ಷಿಸಿಲ್ಲ, ಗುಣ ತಿಳಿಯದುದನ್ನು ಅರಸನ ಬಾಯಿಗೆ ಇಡುವುದು ಹೇಗೆ? ಅಸದ್ ಬೇಗನ ಪಕ್ಷ: ಐರೋಪ್ಯರು ದಡ್ಡರಲ್ಲ, ಪರೀಕ್ಷೆಯನ್ನೇ ಮಾಡದೆ ಕೆಟ್ಟುದೆಂದು ತೀರ್ಪುಕೊಡುವುದೂ ಸರಿಯಲ್ಲ, ಲೋಕದ ಆಚಾರಗಳೆಲ್ಲ ಒಂದಲ್ಲ ಒಂದು ದಿನ ಹೊಸವೇ ಆಗಿದ್ದುವು. ಚೀನಾ ದೇಶದ ಬೇರೊಂದು ಹಿಂದೆ ಯಾರಿಗೂ ತಿಳಿಯದಿದ್ದು ಈಗ ಮದ್ದಾಗಿ ಬಳಕೆಗೆ ಬಂದಿರುವುದನ್ನು ಅವನು ನಿದರ್ಶನವಾಗಿ ಕೊಟ್ಟನು. ಅಕ್ಬರನಿಗೆ ಈ ಮಾತು ಬಹಳ ಮೆಚ್ಚಿಕೆಯಾಯಿತು. ನಮ್ಮ ಪುಸ್ತಕದಲ್ಲಿ ಇಲ್ಲವೆಂಬ ಒಂದೇ ಕಾರಣದಿಂದ ಬೇರೆ ದೇಶದ ಬಲ್ಲವರು ಒಪ್ಪಿದುದನ್ನು ತಳ್ಳಿಬಿಟ್ಟರೆ ನಾವು ಮುಂದುವರಿಯುವುದೆಂತು ಎಂಬ ಅಭಿಪ್ರಾಯವನ್ನು ಹೇಳಿದನು.

ಈ ಪ್ರಸಂಗವನ್ನು ನಾನು ಮೊದಲು ಓದಿದಾಗ ನನ್ನ ಮನಸ್ಸು ಪೂರ್ತಿಯಾಗಿ ಅಸದ್ ಬೇಗನ ಕಡೆಗಿದ್ದಿತು. ಹೊಸತನ್ನು ಸ್ವಾಗತಿಸುವ ಧೀರನೊಬ್ಬ, ಗ್ರಂಥಕ್ಕೆ ಜೋತುಬಿದ್ದ ಪಂಡಿತನೊಬ್ಬ ಎಂದು ಎಣಿಸಿದೆ. ಈಗ ಹಾಗೆ ಅನ್ನಿಸುವುದಿಲ್ಲ. ಗ್ರಂಥದಲ್ಲಿ ಇಲ್ಲ ಎಂಬುದು ವೈದ್ಯನ ಒಂದು ಮಾತು. ಪರೀಕ್ಷೆಯಾಗಿಲ್ಲ ಎಂಬುದು ಇನ್ನೊಂದು. ಅಸದ್ ಬೇಗನು ಮೊದಲನೆಯದಕ್ಕೆ ಚೆನ್ನಾಗಿ ಉತ್ತರ ಕೊಟ್ಟನು. ಎರಡನೆಯದನ್ನು ಎತ್ತಿಕೊಂಡು ವೈದ್ಯನ ಮೇಲೆಯೇ ತಿರುಗಿಸಿದನೇ ಹೊರತು, ಪರೀಕ್ಷೆಯನ್ನು ತಾನೂ ತೋರಿಸಲಿಲ್ಲ. ಆದರೂ ಅವನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆ ವೈದ್ಯನನ್ನು ಒಪ್ಪಿಸಲು ಕೊನೆಯವರೆಗೂ ಯಾರಿಂದಲೂ ಆಗಲಿಲ್ಲವೆಂದೂ, ಹಾಗಿದ್ದರೂ ಆತ ಒಳ್ಳೆಯ ವೈದ್ಯನೇ ಎಂದೂ ತಾನೇ ಬರೆದಿರುವನು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಿಲ್ಲ. ಆಸ್ಥಾನದ ಸರದಾರರೆಲ್ಲ ಅವನಿಂದ ಸೊಪ್ಪನ್ನೂ ಕೊಳವಿಯನ್ನೂ ಕೇಳಿ ಪಡೆದರು, ವರ್ತಕರು ಮಾರತೊಡಗಿದರು, ಅಭ್ಯಾಸ ಬೇಗ ಹಬ್ಬಿತು, ಆದರೆ ವಾದದಲ್ಲಿ ಹೊಸತರ ಪರವಾಗಿ ತೀರ್ಪುಕೊಟ್ಟ ಅಕ್ಬರನು ಮಾತ್ರ ಸೇದುವುದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ.

ವಿಚಿತ್ರವೆಂದರೆ, ಅದೇ 1604ರಲ್ಲಿ ಇಂಗ್ಲೆಂಡಿನ ದೊರೆಯಾದ ಒಂದನೆಯ ಜೇಮ್ಸನು ಹೊಗೆಸೊಪ್ಪನ್ನು ಖಂಡಿಸಿ ತನ್ನ ಹೆಸರು ಹಾಕದೆ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿದನು. ಇದು ಶ್ವಾಸಕೋಶಕ್ಕೆ ಅಪಾಯವೆಂಬ ಮಾತೂ ಅದರಲ್ಲಿ ಉಂಟು. ಪೌಂಡಿಗೆ 2 ಪೆನ್ಸ್ ಇದ್ದ ಸುಂಕದ ಮೇಲೆ 6 ಷಿಲಿಂಗ್ 8 ಪೆನ್ಸ್‌ಗಳನ್ನು ಹೇರಿದನು. ಬೈಗುಳದಿಂದಲೂ ಸುಂಕದಿಂದಲೂ ಏನೂ ಆಗಲಿಲ್ಲ. 1619ರಲ್ಲಿ ಪೈಪು ಮಾಡುವವರ ಸಂಘಕ್ಕೆ ಅದೇ ಜೇಮ್ಸನು ಸನ್ನದನ್ನು ಕೊಟ್ಟನು. ಬೊಕ್ಕಸದ ಎದುರಿಗೆ ಅಭಿಪ್ರಾಯಗಳು ಮೆತ್ತಗಾಗುವುದು ಎಲ್ಲ ದೇಶಗಳಲ್ಲಿಯೂ ಇದ್ದುದೇ.

ಆ ಇಂಗ್ಲಿಷ್ ಪೈಪು ಬಿಳಿಯ ಜೇಡಿಮಣ್ಣಿನದು. ಸೊಪ್ಪು ದುಬಾರಿಯಾಗಿದ್ದಾಗ ಬಟ್ಟಲು ಬೆರಳ ತುದಿ ಹಿಡಿಯುವಷ್ಟು ಚಿಕ್ಕದಾಗಿದ್ದಿತು. ಬೆಲೆ ಇಳಿದಂತೆ ಬಟ್ಟಲು ಬೆಳೆಯಿತು. ದಂಡವೂ ಉದ್ದವಾಗುತ್ತ ಹೋಯಿತು. ಅದರೊಳಗಿನ ರಂಧ್ರ ಸಣ್ಣದಾಯಿತು. ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ತ್ವಜ್ಞರು 1954ರಲ್ಲಿ ಒಡೆದ ಪೈಪಿನ ಚೂರುಗಳ ರಂಧ್ರಗಳನ್ನು ಅಳೆದು, 17ನೆಯ ಶತಮಾನದ ಆದಿಯಲ್ಲಿ ಅಂಗುಲದ 64ರಲ್ಲಿ 9 ಭಾಗವಿದ್ದುದು 18ನೆಯ ಶತಮಾನದ ಕೊನೆಗೆ 4 ಭಾಗಕ್ಕೆ ಇಳಿದುದನ್ನು ತೋರಿಸಿದರು. ಅಂದಿನಿಂದ, ನೆಲದಲ್ಲಿ ಸಿಕ್ಕಿದ ಪೈಪಿನ ಚೂರಿನಿಂದ ಹಳೆಯ ವಸತಿಗಳ ಕಾಲವನ್ನು ಗೊತ್ತುಮಾಡುವುದು ಒಂದು ವಿದ್ಯೆಯೇ ಆಯಿತು. ಈ ಮಣ್ಣಿನ ಪೈಪುಗಳ ಶುಚಿ ಬಹಳ ಸುಲಭ. ಕರಿಹಿಡಿದವನ್ನು ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಒಲೆಗೆ ಹಾಕಿದರೆ ಮತ್ತೆ ಬೆಳ್ಳಗಾಗಿ ಹೊರಕ್ಕೆ ಬರುತ್ತಿದ್ದುವು.

ದಂಡ ಉದ್ದವಾದುದು ಏತಕ್ಕೆ? ಹೊಗೆ ತಣ್ಣಗಾಗಲೆಂದು. ಅಸದ್ ಬೇಗನ ಮೂರು ಮೊಳದ ಕೊಳವಿಗೂ ಕಾರಣ ಅದೇ. ಆದರೆ ನಮ್ಮ ಕಡೆ ಬೇರೊಂದು ಉಪಾಯವೂ ಬಳಕೆಗೆ ಬಂದಿತು: ಹೊಗೆಯನ್ನು ನೀರಿನೊಳಗಿಂದ ಎಳೆಯುವುದು. ಅದೇ ಹುಕ್ಕ, ನಮ್ಮ ಜನ ಅದರ ಸದ್ದನ್ನು ಕೇಳಿ ಗುಡುಗುಡಿ ಎಂದರು. ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತಹ ಗೀಲಾನಿ ಎಂಬುವನು ಹೊಗೆಯ ದೋಷವನ್ನು ನೀರಿನಲ್ಲಿ ಕಳೆಯುವುದಕ್ಕಾಗಿ ಇದನ್ನು ಕಂಡುಹಿಡಿದನೆಂಬ ಕಥೆಯನ್ನು ಅನೇಕರು ಹೇಳುವರು. ಕಥೆ ಅಂದವಾಗಿದೆ, ಕಾಲ ಮಾತ್ರ ಕೂಡಿಬರುವುದಿಲ್ಲ. ಆ ಹಕೀಮನು 1589ರಲ್ಲಿಯೇ ತೀರಿಕೊಂಡನು. ಅಸದ್ ಬೇಗನು ಹರಿವಾಣವನ್ನು ಹಿಡಿದು ಆಗ್ರಾಕ್ಕೆ ಬಂದುದು ಅದಾದ 15 ವರ್ಷಗಳ ಮೇಲೆ. ಆ ಆಸ್ಥಾನಕ್ಕೆ ಹೊಗೆಸೊಪ್ಪು ಬರುವುದಕ್ಕೆ ಮೊದಲೇ ಅದಕ್ಕೆ ಪರಿಹಾರ ಸಿಕ್ಕಿತೆಂದು ನಂಬುವುದು ಕಷ್ಟ. ಆದರೆ ಇಂಥ ಕಥೆ ಹುಟ್ಟಿದುದೇ ಒಂದು ಸಾಕ್ಷಿ. ವೈದ್ಯನೇ ಇದನ್ನು ಕಲ್ಪಿಸಿದನೆಂದರೆ ವೈದ್ಯನ ಆಕ್ಷೇಪಣೆ ತೀರಿಹೋಯಿತು ಎಂದು ಜನಕ್ಕೆ ಒಂದು ಸಮಾಧಾನವಲ್ಲವೆ?

ಹುಕ್ಕದ ಉಪಚಾರ ಒಬ್ಬನಿಂದ ಆಗುವುದಲ್ಲ. ಸೊಪ್ಪನ್ನು ಬೆಲ್ಲದ ಪಾಕದಲ್ಲಿ ಕಲಸಿ ನಾದಬೇಕು. ಮಣ್ಣಿನ ಚಿಲುಮೆಯಲ್ಲಿ ಅದನ್ನಿಟ್ಟು ಮೇಲೆ ಕೆಂಡವನ್ನು ಇಡಬೇಕು. ಪ್ರತಿಸಲವೂ ನೀರನ್ನು ಬದಲಾಯಿಸಬೇಕು; ಶ್ರೀಮಂತರಾದರೆ ನೀರಿಗೆ ಪನ್ನೀರು ಬೆರೆಯಬೇಕು. ಬಟ್ಟೆ ಸುತ್ತಿದ ಕೊಳವಿಯನ್ನು ಒದ್ದೆಮಾಡುತ್ತಿರಬೇಕು. ಈ ಕೆಲಸಕ್ಕೆಂದೇ ಹುಕ್ಕಬರದಾರನೆಂಬ ಆಳು ಇರುತ್ತಿದ್ದನು. ಕಲ್ಕತ್ತೆಯ ಆಂಗ್ಲೇಯರೂ ಇದಕ್ಕೆ ಮರುಳಾದರು. 1779ರಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳು ಸಂಗೀತಕ್ಕೂ ಊಟಕ್ಕೂ ಕಳುಹಿಸಿದ ಆಮಂತ್ರಣದಲ್ಲಿ, ಹುಕ್ಕಬರದಾರನನ್ನು ಬಿಟ್ಟು ಬೇರೆ ಯಾವ ಆಳನ್ನೂ ಕರೆತರಬಾರದೆಂದು ವಿನಂತಿ ಮಾಡಿಕೊಂಡಿದ್ದರು. ಮಾವನವರು ಭಾನುವಾರ ತಮ್ಮ ಕೈಯಿಂದ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ಹುಕ್ಕದ ಕಾಲದಲ್ಲಿ ಬೇರೊಬ್ಬನು ಮಾಡುತ್ತಿದ್ದನು. ಸುಖ ಮಾತ್ರ ಯಜಮಾನನದು.

ಹುಕ್ಕದ ನೀರು ನಿಲ್ಲುವ ಬುಡಪಾತ್ರೆಯ ವಿಷಯಕ್ಕೆ ಬಂದರೆ ಮತ್ತೆ ಕನ್ನಡನಾಡಿಗೆ ಬರಬೇಕಾಗುತ್ತದೆ. ಬೀದರಿನ ಕುಶಲಿಗರು ಹುಕ್ಕದ ಬುಡಗಳನ್ನು ಮಾಡಿದಷ್ಟು ಅಂದವಾಗಿ ಬೇರೆ ಯಾರೂ ಮಾಡಲಿಲ್ಲವೆಂದು ನನ್ನ ನಂಬಿಕೆ. ಇದು ಅಭಿಮಾನದ ಮಾತಾದರೆ ಶ್ರೋತೃಗಳು ಕ್ಷಮಿಸಬೇಕು. ಸುಮಾರು 16 ಭಾಗ ಸತುವಿಗೆ 1 ಭಾಗ ತಾಮ್ರವನ್ನು ಸೇರಿಸಿ ಎರಕ ಹೊಯ್ಯುವರು. ಮೇಲ್ಮೈಗೆ ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪುಮಾಡಿ, ಅದರ ಮೇಲೆ ಹೂಬಳ್ಳಿಗಳನ್ನು ಗೀರಿ ಕೊರೆಯುವರು. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೊ ತಗಡನ್ನೊ ಬಡಿದು ಕೂರಿಸುವರು. ಉಜ್ಜಿದ ಮೇಲೆ ಎಲ್ಲವೂ ಒಂದೇ ಬಿಳುಪಾಗಿ, ಚಿತ್ರ ಎಲ್ಲಿದೆಯೆಂಬುದೇ ಕಾಣದಂತಾಗುತ್ತದೆ. ಆಗ ಬೀದರಿನ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚಿ ಉಜ್ಜುವರು. ಸತುವಿನ ಮೈ ಕಾಡಿಗೆಯ ಹಾಗೆ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ನಿಲ್ಲುವುದು. ಕೊನೆಗೆ ಎಣ್ಣೆಯ ಕೈ. 17ನೆಯ ಶತಮಾನದ ಬುಡಗಳು ಗುಂಡಗೆ ಇರುವುವು. ಉರುಳದಂತೆ ಅವಕ್ಕೆ ಒಂದು ಸಿಂಬಿ ಬೇಕು. ಮುಂದಿನ ಶತಮಾನದಲ್ಲಿ ತಳ ಅಗಲವಾಗಿ ಗಂಟೆಯ ಆಕಾರ ಬಂದಿತು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಇಂಥ ಬುಡಗಳು ಇವೆ. ನಮ್ಮ ತತ್ತ್ವಪದಗಳಲ್ಲಿ ಗುಡುಗುಡಿ ದೇಹಕ್ಕೆ ಉಪಮೆಯಾಗಿ ಬರುವುದನ್ನು ನೆನೆದರೆ, ಈ ವಸ್ತು ಜನರ ಬಾಳಿನಲ್ಲಿ ಎಷ್ಟು ಬೆರೆತುಹೋಗಿದ್ದಿತೆಂಬುದು ತಿಳಿಯುತ್ತದೆ.

ಮಾವನವರ ಪೈಪು ಈ ವಂಶದ ಕಿರಿಯ ಕೂಸು. ಮೆಡಿಟರೇನಿಯನ್ ತೀರದ ಒಂದು ಕುರುಚಲು ಮರದ ಬೇರಿನ ಗಂಟಿನಿಂದ ಮಾಡಿದ ಈ ಪೈಪು 19ನೆಯ ಶತಮಾನದ ನಡುವೆ ಫ್ರಾನ್ಸಿನ ಸಾಂ ಕ್ಲೋದ್ ಎಂಬ ಬೆಟ್ಟದೂರಿನಲ್ಲಿ ಕೈಗಾರಿಕೆಯಾಗಿ ಬೆಳೆಯಿತು. ಗಂಟನ್ನು ಗಂಟೆಗಟ್ಟಲೆ ಕುದಿಸಿ ಅದರ ರಸವನ್ನು ಹೊರಡಿಸಿ, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕೊರೆಯುವರು. ಬೆಂಕಿಗೆ ಸುಲಭವಾಗಿ ಜಗ್ಗದ ಮರ. ತೇವವನ್ನು ಹೀರಿಕೊಳ್ಳುವ ಮರ. ತುರ್ಕಿಯ ಎಸ್ಕಿಷೆಹಿರಿನ ಬಿಳಿಯ ಕಲ್ಲಿನ ಪೈಪುಗಳೂ ಉಂಟು. ಸೇದಿದಂತೆಲ್ಲ ಅವು ಜೇನಿನ ಬಣ್ಣಕ್ಕೆ ತಿರುಗುವುವು. ಅವುಗಳ ಮಾತು ಇಲ್ಲಿ ಬೇಡ.

ಮಣ್ಣು, ನೀರು, ಬೆಳ್ಳಿ, ಬೇರು: ಇಷ್ಟೆಲ್ಲ ಕೌಶಲದಿಂದ ಹೊಗೆ ತಣ್ಣಗಾಯಿತು, ಇಂಪಾಯಿತು. ಆದರೆ ಬಿಜಾಪುರದ ಕೊಳವಿಯ ಎದುರಿಗೆ ನಿಂತ ವೈದ್ಯನ ಪ್ರಶ್ನೆ ಹಾಗೆಯೇ ಉಳಿದಿದ್ದಿತು. ಅದಕ್ಕೆ ಉತ್ತರ ಬಹಳ ತಡವಾಗಿ ಬಂದಿತು. ಪೈಪು ಸೇದುವವರ ತುಟಿಯಲ್ಲಿ ಏಡಿಹುಣ್ಣು ಹೆಚ್ಚಾಗಿ ಕಾಣುವುದೆಂದು ಜರ್ಮನಿಯ ಸೋಮ್ಮರಿಂಗ್ ಎಂಬ ವೈದ್ಯನು 1795ರಲ್ಲಿ ಬರೆದನು. ಯಾರೂ ಹೆಚ್ಚಾಗಿ ಕಿವಿಗೊಡಲಿಲ್ಲ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬುವರು ಸಿಗರೇಟಿಗೂ ಶ್ವಾಸಕೋಶದ ಏಡಿಹುಣ್ಣಿಗೂ ಇರುವ ಸಂಬಂಧವನ್ನು ಲೆಕ್ಕದಿಂದ ತೋರಿಸಿದರು. 1964ರಲ್ಲಿ ಅಮೆರಿಕದ ಸರಕಾರದ ವೈದ್ಯಮಂಡಲಿ, ಪೈಪು ತುಟಿಯ ಏಡಿಹುಣ್ಣಿಗೆ ಕಾರಣವೆಂಬುದು ಸ್ಥಿರಪಟ್ಟಿದೆಯೆಂದು ವರದಿಮಾಡಿತು. ಹುಕ್ಕದ ನೀರಿನ ವಿಷಯದಲ್ಲಿ ಈಗ ಸಂದೇಹವಿಲ್ಲ: ನೀರು ಹೊಗೆಯನ್ನು ತಂಪುಮಾಡುವುದೇ ಹೊರತು ವಿಷವನ್ನು ಕಳೆಯುವುದಿಲ್ಲ, ಮೇಲೆ ಇಟ್ಟ ಕೆಂಡದಿಂದ ಬರುವ ವಿಷವಾಯುವೂ ಅದರೊಡನೆ ಸೇರುತ್ತದೆ. ತಂಪಾದ ಹೊಗೆಯನ್ನು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ಎಳೆಯಬಹುದಾದುದರಿಂದ ಕೌಶಲವೇ ಕೆಡುಕಿಗೆ ದಾರಿಯಾಯಿತು.

ಮಾವನವರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಪತ್ರಿಕೆಯಲ್ಲಿ ಬಂದುದನ್ನು ನಾನು ಓದಿ ಹೇಳಿದಾಗ, ಅದು ಸಿಗರೇಟಿನವರಿಗೆ, ನಾವು ಹೊಗೆಯನ್ನು ನುಂಗುವವರಲ್ಲ, ಎಂದುಬಿಟ್ಟರು. ನಾಲಗೆಯ ಅಂಚಿನಲ್ಲಿ ಎದ್ದ ಹುಣ್ಣನ್ನು ಎರಡು ತಿಂಗಳು ಯಾರಿಗೂ ತೋರಿಸಲಿಲ್ಲ. ಬಿಸಿಹೊಗೆಯಿಂದ ಆದುದೆಂದು ತಿಳಿದು, ಇನ್ನೂ ನಿಧಾನವಾಗಿ ಸೇದತೊಡಗಿದರು. ಪೈಪುಗಳಿಗೆ ಇನ್ನೂ ಒಂದು ದಿನ ಹೆಚ್ಚಿಗೆ ಉಪವಾಸ ಮಾಡಿಸಿದರು. ವೈದ್ಯರು ಕಂಡಾಗ ಕಾಲ ಮೀರಿತ್ತು. ಕೊನೆಯ ತಿಂಗಳುಗಳಲ್ಲಿ ಮಾತು ಹೋಗಿದ್ದಿತು. ಆದರೂ ಭಾನುವಾರ ಬಟ್ಟೆಯ ತುಂಡನ್ನು ಹಾಸಿಸಿ, ಪೈಪುಗಳನ್ನು ನನ್ನ ಕೈಯಿಂದ ಒರಸಿಸಿ, ತಪ್ಪಾದಲ್ಲಿ ಬೆರಳಿನಿಂದ ತೋರಿಸುತ್ತಿದ್ದರು.

ಅರಸರ ಆಜ್ಞೆಗಳೂ ಬಂದುವು. ಅಕ್ಬರನ ಮಗ ಜಹಾಂಗೀರನು 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದನು. ಮದ್ಯ ಮತ್ತು ಅಫೀಮು ಅವನಿಗೆ ನಿತ್ಯದ ವಸ್ತುಗಳು. ಬಿಜಾಪುರದ ಅಳಿಯನಾದ ಅವನ ತಮ್ಮ ದಾನಿಯಾಲನು ಮದುವೆಯಾದ ಕೆಲಕಾಲದಲ್ಲಿಯೇ ಕುಡಿತದಿಂದ ಸತ್ತಿದ್ದನು. ಆದರೆ ನಿಷೇಧ ಬಂದುದು ಹೊಗೆಗೆ. ಪಾರಸಿಕ ದೇಶದ ಷಾ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಜಹಾಂಗೀರನು ಅಲ್ಲಿಗೆ ಕಳುಹಿಸಿದ ರಾಯಭಾರಿ ಖಾನ್ ಆಲಮನಿಗೆ ಹೊಗೆಯಿಲ್ಲದೆ ಒಂದು ಗಳಿಗೆಯೂ ಕಳೆಯದು. ಕೊನೆಗೆ ಷಾ ಅವನೊಬ್ಬನಿಗೆ ಅಪ್ಪಣೆ ಕೊಡಬೇಕಾಯಿತು. ನಿಷೇಧಗಳು ಕಾಗದದಲ್ಲಿ ಉಳಿದುವು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವೂ ಹುಕ್ಕದ ಮಾರಾಟವನ್ನೂ ಸೇವನೆಯನ್ನೂ ರಾಜ್ಯದಲ್ಲೆಲ್ಲ ನಿಷೇಧಿಸಿತು. ಅದೇ ರಾಜ್ಯದ ಹುಣಸೂರು ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪಿನ ಬೇಸಾಯ ನಡೆದೇ ಇದೆ. ರೈತನನ್ನು ದೂರಿ ಪ್ರಯೋಜನವಿಲ್ಲ. ಆ ಬೆಳೆಯಿಂದ ಬರುವ ಹಣವನ್ನು ಬೇರೆ ಬೆಳೆ ಕೊಡಬೇಕಲ್ಲ.

ಬೀದರಿನವರು ಈಗ ಹೂದಾನಿ, ಪೆಟ್ಟಿಗೆ, ಲೇಖನಿಗಳನ್ನು ಮಾಡುತ್ತಾರೆ. ಕೋಟೆಯ ಮಣ್ಣು ಅದೇ, ಬೆಳ್ಳಿಯ ಬಳ್ಳಿ ಅದೇ. ಮಾವನವರ ನಾಲ್ಕು ಪೈಪುಗಳನ್ನು ಅತ್ತೆಯವರು ಅಂಥದೊಂದು ಪೆಟ್ಟಿಗೆಯಲ್ಲಿಟ್ಟು ನನಗೆ ಕೊಟ್ಟರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ತೆಗೆದು, ಅವರು ಕಲಿಸಿದಂತೆ ಕೊಳವಿಗಳನ್ನು ಬಿಡಿಸಿ ಒರಸಿಡುತ್ತೇನೆ. ತಂತಿಯ ತುದಿಯ ಹತ್ತಿ ಈಗಲೂ ಸ್ವಲ್ಪ ಕಂದಾಗಿ ಬರುತ್ತದೆ.